ಆಸಕ್ತಿ ಇದ್ದವರು ಕೈ ಎತ್ತಿ

ಕುಮಟಾ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಅರ್ಜಿ ಟೈಪು ಮಾಡುವುದು, ಆಧಾರ್ ಪ್ರಿಂಟ್ ತೆಗೆಯುವುದು, ಪಹಣಿ ಝೆರಾಕ್ಸ್, ದಿನವಿಡೀ ಇದೇ ಕೆಲಸ. ದೀಪಾವಳಿ ಮುಗಿದ ವಾರ ನಮ್ಮೂರ ಶಾಲೆಯ ಮುಖ್ಯ ಮಾಸ್ತರು ಒಂದು ಹಾಳೆ ಹಿಡಿದುಕೊಂಡು ಬಂದರು. ಪಾಲಕರ ಸಭೆಯ ನೋಟಿಸು. ಹಳೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಅವಧಿ ಮುಗಿದು ಕೆಲವು ತಿಂಗಳಾಗಿತ್ತು, ಹೊಸ ಸಮಿತಿ ಮಾಡಬೇಕಿತ್ತು. "ಟೈಪು ಮಾಡಿ ಎಪ್ಪತ್ತು ಪ್ರತಿ ತೆಗೆದಿಡಿ, ನಾಳೆ ಬಂದು ಒಯ್ತೇನೆ" ಎಂದರು. ಮೆಟ್ಟಿಲು ಇಳಿಯುವಾಗ ತಿರುಗಿ ನಿಂತು ಇನ್ನೊಂದು ಮಾತು ಹೇಳಿದರು. "ಆಸಕ್ತಿ ಇರೋರು ಒಬ್ಬರೂ ಸಿಗೋದಿಲ್ಲ ನೋಡಿ. ಸುಮ್ನೆ ಹೆಸರು ತುಂಬಿಸೋದೇ ಆಗ್ತದೆ."

ಅವರು ಒಳ್ಳೆಯವರು. ಬೇಸರದಲ್ಲಿ ಹೇಳಿದ ಮಾತು ಅದು. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ಮಗಳು ಎರಡನೇ ಕ್ಲಾಸಿನಲ್ಲಿ ಇದ್ದಾಗಿನಿಂದ ಎರಡು ಅವಧಿ, ಅಂದರೆ ಆರು ವರ್ಷ, ನಾನೂ ಆ ಸಮಿತಿಯಲ್ಲಿ ಇದ್ದೆ. ನಾನು ಕಂಡ ಸದಸ್ಯರಲ್ಲಿ ಶಾಲೆಗೆ ನಿಜವಾಗಿ ಉಪಯೋಗಕ್ಕೆ ಬಂದವರು ಯಾರು ಅಂತ ಒಬ್ಬೊಬ್ಬರನ್ನೇ ನೆನಪು ಮಾಡಿಕೊಂಡೆ. ಅವರಲ್ಲಿ ಹೆಚ್ಚಿನವರು ಮೊದಲ ದಿನ ಆಸಕ್ತಿ ಇದೆ ಅಂತ ಕೈ ಎತ್ತಿದವರಲ್ಲ. ಅವರ ಹೆಸರನ್ನು ಯಾರೋ ಬರೆದದ್ದು. ಹಾಗಾದರೆ ಆಮೇಲೆ ಅವರು ಯಾಕೆ ಅಷ್ಟು ಮಾಡಿದರು? ಇದಕ್ಕೆ ಸಂಬಳ ಇಲ್ಲ, ಭತ್ಯೆ ಇಲ್ಲ. ಸಭೆಯಲ್ಲಿ ಒಂದು ಲೋಟ ಚಾ, ಎರಡು ಬಿಸ್ಕೀಟು. ಅದೂ ಮಾಸ್ತರ ಕಿಸೆಯಿಂದ.

ಕೈ ಎತ್ತಿದವರು, ಎತ್ತದವರು

ಆ ಮೊದಲ ಸಭೆ ಚೆನ್ನಾಗಿ ನೆನಪಿದೆ. ಜೂನ್ ತಿಂಗಳು, ಹೊರಗೆ ಜೋರು ಮಳೆ. ನಾಲ್ಕನೇ ಕ್ಲಾಸಿನ ಕೋಣೆಯಲ್ಲಿ ಮಕ್ಕಳ ಡೆಸ್ಕಿನ ಮೇಲೆ ಮೊಣಕಾಲು ಮಡಚಿ ಕೂತಿದ್ದೆವು. ಆಗಿನ ಮುಖ್ಯ ಮಾಸ್ತರು ನಿಯಮ ಓದಿದರು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಜನ ಶಾಲೆಯಲ್ಲಿ ಓದುವ ಮಕ್ಕಳ ಅಪ್ಪ ಅಮ್ಮಂದಿರೇ ಇರಬೇಕು. ಅರ್ಧದಷ್ಟು ಹೆಂಗಸರಿರಬೇಕು. ಹಿಂದುಳಿದವರ, ಬಡವರ ಮಕ್ಕಳ ಮನೆಯವರಿಗೆ ಅವರ ಸಂಖ್ಯೆಗೆ ತಕ್ಕ ಜಾಗ ಇರಬೇಕು. ಓದಿ ಮುಗಿಸಿ, "ಆಸಕ್ತಿ ಇದ್ದವರು ಕೈ ಎತ್ತಿ" ಎಂದರು. ಹಂಚಿನ ಮೇಲೆ ಮಳೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಕಡೆಗೆ ಮೂವರು ಕೈ ಎತ್ತಿದರು. ಒಬ್ಬರು ಮುಂದಿನ ಸಲ ಪಂಚಾಯ್ತಿಗೆ ನಿಲ್ಲುವ ತಯಾರಿಯಲ್ಲಿ ಇದ್ದವರು. ಇನ್ನೊಬ್ಬರಿಗೆ ಹಿಂದಿನ ವರ್ಷ ಒಬ್ಬ ಶಿಕ್ಷಕರ ಜೊತೆ ಮಾತಿಗೆ ಮಾತಾಗಿತ್ತು, ಆ ಸಿಟ್ಟು ಇಳಿದಿರಲಿಲ್ಲ. ಮೂರನೆಯವಳು ನಾನು.

ನನ್ನ ಕಾರಣವನ್ನೂ ಹೇಳುತ್ತೇನೆ. ಮಗಳನ್ನು ಊರಿನ ಕನ್ನಡ ಶಾಲೆಗೆ ಹಾಕಿದಾಗ ಮನೆಯಲ್ಲಿ, ನೆಂಟರಲ್ಲಿ ದೊಡ್ಡ ಮಾತೇ ಆಗಿತ್ತು. ಮನೆ ಮುಂದೆ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ವ್ಯಾನು ಬಂದು ನಿಲ್ಲುವಾಗ ನಾನು ಮಗಳನ್ನು ನಡೆಸಿಕೊಂಡು ಹೋಗುತ್ತಿದ್ದೆ. "ದುಡ್ಡು ಉಳಿಸ್ಲಿಕ್ಕೆ ಮಗಳ ಭವಿಷ್ಯ ಹಾಳು ಮಾಡ್ತಾಳೆ" ಅಂತ ಅತ್ತೆಯ ಕಡೆಯವರು ಹೇಳಿದ್ದು ಕಿವಿಗೆ ಬಿದ್ದಿತ್ತು. ನನ್ನ ನಿರ್ಧಾರ ತಪ್ಪಲ್ಲ ಅಂತ ತೋರಿಸಬೇಕಿತ್ತು ನನಗೆ. ಶಾಲೆ ಚೆನ್ನಾಗಿ ನಡೆದರೆ ನಾನು ಗೆದ್ದಂತೆ. ಊರ ಮಕ್ಕಳೆಲ್ಲರ ಮೇಲಿನ ಪ್ರೀತಿಯಿಂದ ಹೋದೆ ಅಂತ ಈಗ ಬರೆದರೆ ಸುಳ್ಳಾಗುತ್ತದೆ.

ಉಳಿದ ಹೆಸರುಗಳನ್ನು ಮಾಸ್ತರು ಬರೆಯುತ್ತಾ ಹೋದರು. ಹೆಂಗಸರ ಲೆಕ್ಕ ಕಡಿಮೆ ಬಿತ್ತು. ಬಾಗಿಲ ಹತ್ತಿರ ಒಬ್ಬಳು ನಿಂತೇ ಇದ್ದಳು, ಕೂತಿರಲಿಲ್ಲ. ಹೊಳೆ ಆಚೆ ದಡದವಳು. ಹೊಳೆಯಲ್ಲಿ ಬಳಚು (ತಿನ್ನುವ ಚಿಪ್ಪು) ತೆಗೆಯುವುದು, ಅದು ಇಲ್ಲದ ದಿನ ಮೀನು ಮಾರುವುದು ಅವಳ ಕೆಲಸ. ಅವಳ ಮೀನಿನ ಬುಟ್ಟಿ ಹೊರಗೆ ಗೇಟಿನ ಪಕ್ಕ ಇತ್ತು. "ನಿನ್ನ ಹೆಸರು ಬರೀಲಾ?" ಅಂತ ಮಾಸ್ತರು ಕೇಳಿದರು. "ಬರ್ಕೊಳ್ಳಿ ಮಾಸ್ತರ್ರೇ, ಬೇಗ ಬಿಡಿ, ಮೀನು ಹಾಳಾಗ್ತದೆ" ಎಂದಳು. ಅಷ್ಟೇ. ಅವಳು ಸಮಿತಿಗೆ ಬಂದದ್ದು ಹೀಗೆ.

ಹಾಜರಿ ಪುಸ್ತಕ ಮತ್ತು ಹೊಳೆ ನೀರು

ಅಘನಾಶಿನಿ ಹೊಳೆ ಸಮುದ್ರಕ್ಕೆ ಸೇರುವ ಕಡೆಯ ಊರುಗಳಲ್ಲಿ ಬಳಚು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ನೀರು ಇಳಿದಾಗ ಹೆಂಗಸರು ಸೊಂಟದುದ್ದ ನೀರಿನಲ್ಲಿ ನಿಂತು, ಕೆಸರಿನಲ್ಲಿ ಕಾಲಿನಿಂದಲೇ ತಡಕಾಡಿ ಹೆಕ್ಕುತ್ತಾರೆ. ನಾನು ಹುಟ್ಟಿದ್ದು ಬೆಳೆದದ್ದು ಇಲ್ಲೇ. ಆದರೂ ಅದಕ್ಕೂ ಶಾಲೆಗೂ ಏನು ಸಂಬಂಧ ಅಂತ ನನಗೆ ಹೊಳೆದಿರಲಿಲ್ಲ.

ಮುಂದಿನ ಡಿಸೆಂಬರಿನ ಸಭೆಯಲ್ಲಿ ಹಾಜರಾತಿಯ ಮಾತು ಬಂತು. ಐದು, ಆರು, ಏಳನೇ ಕ್ಲಾಸಿನ ಕೆಲವು ಹುಡುಗಿಯರು ತಿಂಗಳಲ್ಲಿ ಆರೇಳು ದಿನ ಬರುವುದಿಲ್ಲ. ಅಕ್ಕೋರು, ಅಂದರೆ ಟೀಚರು, ಮನೆಗೆ ಹೋಗಿ ಕೇಳಿದ್ದರು. ಜ್ವರ, ಹೊಟ್ಟೆನೋವು ಅಂತ ಏನೇನೋ ಉತ್ತರ. "ಪಾಲಕರಿಗೆ ಹೆಣ್ಣುಮಕ್ಕಳ ಓದಿನ ಬಗ್ಗೆ ಕಾಳಜಿ ಇಲ್ಲ" ಅಂತ ಒಬ್ಬ ಸದಸ್ಯರು ಹೇಳಿದರು. ನಾನೂ ತಲೆ ಆಡಿಸಿದೆ. ಮಾತಿನ ನಡುವೆ ಹಾಜರಿ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಬಳಚು ತೆಗೆಯುವ ಆ ಹೆಂಗಸು ಎದ್ದು ಬಂದು ಅದರ ಮೇಲೆ ಬಗ್ಗಿದಳು. ಅವಳು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ತಾರೀಕು ಓದಲು ಬರುತ್ತಿತ್ತು. ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಕೆಂಪು ಶಾಯಿಯ ಗುರುತುಗಳ ಮೇಲೆ ಬೆರಳು ಇಡುತ್ತಾ ಹೋದಳು. ಮೂರು ಗುರುತು ಸಾಲಾಗಿ, ಆಮೇಲೆ ಹತ್ತು ಹನ್ನೆರಡು ದಿನ ಖಾಲಿ, ಮತ್ತೆ ಮೂರು ಸಾಲಾಗಿ.

"ಇದು ನೀರಿಳಿತದ ದಿವ್ಸ ಅಲ್ವಾ ಅಕ್ಕೋರೇ" ಎಂದಳು.

ಯಾರಿಗೂ ಅರ್ಥ ಆಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಎರಡು ಮೂರು ದಿನ ಬೆಳಿಗ್ಗೆ ಹೊಳೆ ನೀರು ಜಾಸ್ತಿ ಇಳಿಯುತ್ತದೆ. ಬೇರೆ ದಿನ ಮುಳುಗಿರುವ ಜಾಗವೂ ಆಗ ಕಾಲಿಗೆ ಸಿಗುತ್ತದೆ. ಆ ದಿನ ಬಿಟ್ಟರೆ ಒಳ್ಳೆಯ ಬಳಚು ಇಲ್ಲ, ಒಳ್ಳೆಯ ದುಡ್ಡೂ ಇಲ್ಲ. ಅಮ್ಮಂದಿರು ಬೆಳಕು ಹರಿಯುವ ಮೊದಲೇ ಹೋಗುತ್ತಾರೆ. ಬಂದು ತೊಳೆದು, ಮಾರಿ ಮನೆ ಸೇರುವಾಗ ಮಧ್ಯಾಹ್ನ. ಗಂಡಸರು ಬೋಟಿಗೆ ಹೋಗಿರುತ್ತಾರೆ. ಮನೆಯಲ್ಲಿ ಎರಡು ವರ್ಷದ, ಮೂರು ವರ್ಷದ ಕೂಸು ಇದ್ದರೆ ನೋಡಿಕೊಳ್ಳುವವರು ಯಾರು? ದೊಡ್ಡ ಹುಡುಗಿಯೇ. "ನಂದೂ ಹಂಗೇ ಶಾಲೆ ಬಿಟ್ಟದ್ದು" ಎಂದಳು. ಅದನ್ನು ದೂರಿನ ಹಾಗೆ ಹೇಳಲಿಲ್ಲ. ಗೊತ್ತಿರುವ ಒಂದು ದಾರಿ ತೋರಿಸುವ ಹಾಗೆ ಹೇಳಿದಳು.

ಅಕ್ಕೋರು ಗೋಡೆಯ ಕ್ಯಾಲೆಂಡರ್ ತೆಗೆದು ಹಾಜರಿ ಪುಸ್ತಕದ ಪಕ್ಕ ಇಟ್ಟರು. ಒಂದೊಂದೇ ತಿಂಗಳು ತಾಳೆ ಹಾಕಿದರು. ಹೆಚ್ಚುಕಡಿಮೆ ಸರಿಯಾಗಿಯೇ ಕೂಡಿತು. ಅಕ್ಕೋರು ಘಟ್ಟದ ಮೇಲಿನವರು. ನಾಲ್ಕು ವರ್ಷದಿಂದ ಅದೇ ಪುಸ್ತಕ ಬರೆಯುತ್ತಿದ್ದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ.

ಅವತ್ತು ಆದ ತೀರ್ಮಾನ ಬಹಳ ಸಣ್ಣದು. ಆ ದಿನಗಳಲ್ಲಿ ದೊಡ್ಡ ಹುಡುಗಿಯರು ತಂಗಿ ತಮ್ಮನನ್ನೂ ಜೊತೆಗೆ ಕರೆದುಕೊಂಡು ಬರಬಹುದು. ಕೂಸುಗಳು ಒಂದನೇ ಕ್ಲಾಸಿನ ಮೂಲೆಯಲ್ಲಿ ಚಾಪೆ ಮೇಲೆ ಇರಲಿ. ಮೂರು ವರ್ಷ ತುಂಬಿದವರನ್ನು ಪಕ್ಕದ ಅಂಗನವಾಡಿಗೆ ಬಿಡಲಿ. ನಿಯಮದಲ್ಲಿ ಇದಕ್ಕೆ ಜಾಗ ಇದೆಯೋ ಇಲ್ಲವೋ ಅಂತ ಮಾಸ್ತರು ಸ್ವಲ್ಪ ಹಿಂದೆಮುಂದೆ ನೋಡಿದರು, ಆಮೇಲೆ ಹೂಂ ಅಂದರು. ಎಲ್ಲ ಹುಡುಗಿಯರೂ ಬಂದುಬಿಟ್ಟರು ಅಂತ ನಾನು ಹೇಳುವುದಿಲ್ಲ. ಕೆಲವರು ಬಂದರು. ಏಳನೇ ಕ್ಲಾಸಿನ ಒಬ್ಬ ಹುಡುಗಿ ಮಡಿಲಲ್ಲಿ ತಮ್ಮನನ್ನು ಮಲಗಿಸಿಕೊಂಡು ಲೆಕ್ಕ ಮಾಡುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಾನು ಹೇಳಬೇಕು ಅಂದುಕೊಂಡದ್ದು ಅದರ ನಂತರದ್ದು. ಆ ಹೆಂಗಸು ಮುಂದಿನ ಯಾವ ಸಭೆಯನ್ನೂ ತಪ್ಪಿಸಲಿಲ್ಲ. ಬಾಗಿಲ ಹತ್ತಿರ ನಿಲ್ಲುವುದನ್ನು ಬಿಟ್ಟು ಒಳಗೆ ಬಂದು ಕೂರಲು ಶುರು ಮಾಡಿದಳು. ಬಿಸಿಯೂಟದ ಹೊತ್ತಿಗೆ ಅಡುಗೆಮನೆಗೆ ಹೋಗಿ ಸಾಂಬಾರಿನ ಸೌಟು ಎತ್ತಿ ನೋಡುತ್ತಿದ್ದಳು. ಅಡುಗೆಯವಳಿಗೆ ಮೊದಮೊದಲು ಸಿಟ್ಟು ಬಂತು. ಆಮೇಲೆ ಇಬ್ಬರೂ ಸೇರಿಕೊಂಡು ನೀರಿನ ಟ್ಯಾಂಕು ತೊಳೆಸಿ ಅಂತ ಮಾಸ್ತರ ಬೆನ್ನು ಹತ್ತಿದರು. ಹೆಸರು ತುಂಬಿಸಲು ಬಂದವಳು ಶಾಲೆಯವಳೇ ಆದದ್ದು ತನ್ನ ಮಾತಿಗೆ ಅಲ್ಲೊಂದು ಬೆಲೆ ಇದೆ ಅಂತ ಕಂಡ ದಿನ. ಅದಕ್ಕೆ ಮೊದಲು ಅವಳಿಗೆ ಆಸಕ್ತಿ ಇತ್ತಾ ಅಂತ ಕೇಳಿದರೆ ಇರಲಿಲ್ಲ. ಇರುವುದಾದರೂ ಹೇಗೆ? ಶಾಲೆ ಅಂದರೆ ಅವಳಿಗೆ ಹತ್ತು ವರ್ಷದವಳಿದ್ದಾಗ ಬಿಟ್ಟು ಬಂದ ಜಾಗ.

ಬೋಟಿನವರ ಗಂಟು

ಗಂಡಸರ ಕಥೆ ಸ್ವಲ್ಪ ಬೇರೆ. ನಮ್ಮ ಕಡೆ ಅಪ್ಪಂದಿರು ಸಭೆಗೆ ಬರುವುದೇ ಇಲ್ಲ ಅನ್ನುವುದು ಎಲ್ಲರ ದೂರು. ತದಡಿ, ಮಲ್ಪೆ, ಗೋವಾ ಅಂತ ಬೋಟಿನ ಮೇಲಿರುವವರು ಬರುವುದೆಲ್ಲಿಂದ? ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ ಅವರು ಊರಲ್ಲಿ ಇರುತ್ತಾರೆ. ಆಗಲೂ ಬಲೆ ರಿಪೇರಿ, ಮನೆ ರಿಪೇರಿ. ಆದರೂ ಸಿಗುತ್ತಾರೆ.

ಒಂದು ವರ್ಷ ಜೂನ್ ಎರಡನೇ ವಾರದಲ್ಲಿ ಗಾಳಿಮಳೆಗೆ ಆರನೇ ಕ್ಲಾಸಿನ ಕೋಣೆಯ ಹಂಚು ಹಾರಿತು. ಹಂಚು ಹೊರುವ ಮರದ ಎರಡು ಪಕಾಸು ಮೊದಲೇ ಗೆದ್ದಲು ಹಿಡಿದು ಟೊಳ್ಳಾಗಿದ್ದವು, ಅವೂ ಕುಸಿದವು. ನಮ್ಮದು ಎಪ್ಪತ್ತರ ಹತ್ತಿರ ಮಕ್ಕಳಿದ್ದ ಶಾಲೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅಂಥ ಶಾಲೆಗೆ ವರ್ಷಕ್ಕೆ ಬರುವ ಅನುದಾನ 25,000 ರೂಪಾಯಿ. ಸೀಮೆಸುಣ್ಣ, ಕರೆಂಟು, ಸ್ವಚ್ಛತೆ ಎಲ್ಲ ಅದರಲ್ಲೇ. ದುರಸ್ತಿಗೆ ಅರ್ಜಿ ಹಾಕಿದೆವು. ಅದು ನಾನೇ ಟೈಪು ಮಾಡಿದ ಅರ್ಜಿ. ಉತ್ತರ ಬರುವವರೆಗೆ ಮಕ್ಕಳು ಎಲ್ಲಿ ಕೂರಬೇಕು?

ಸಮಿತಿಯಲ್ಲಿ ಒಬ್ಬರು ಇದ್ದರು, ಬೋಟು ನಡೆಸುವ ತಾಂಡೇಲರು. ಮೂರು ಸಭೆಗೆ ಬಂದು ಒಂದು ಮಾತೂ ಆಡದವರು. ಮರುದಿನ ಬೆಳಿಗ್ಗೆ ಇಬ್ಬರು ಹುಡುಗರ ಜೊತೆ, ಬೋಟಿಗೆ ಹಾಕುವ ದಪ್ಪ ತಾಡಪತ್ರಿ ಹೊತ್ತುಕೊಂಡು ಬಂದರು. ಏಣಿ ಹತ್ತಿ, ಮುರಿದ ಕಡೆ ತಮ್ಮದೇ ಎರಡು ಅಡಿಕೆ ದಬ್ಬೆ ಕೊಟ್ಟು, ಮೇಲೆ ತಾಡಪತ್ರಿ ಎಳೆದು ನೈಲಾನ್ ಹಗ್ಗದಲ್ಲಿ ಕಟ್ಟಿದರು. ಕೆಳಗೆ ನಿಂತ ಮಕ್ಕಳು ಆ ಗಂಟನ್ನೇ ನೋಡುತ್ತಿದ್ದರು. ಗಾಳಿ ಎಳೆದಷ್ಟೂ ಬಿಗಿ ಆಗುವ ಗಂಟು ಅದು. ಒಬ್ಬ ಹುಡುಗ ಕೇಳಿದ್ದಕ್ಕೆ ಅವರು ಕೆಳಗಿಳಿದು ಬಂದು, ಹಗ್ಗದ ತುಂಡು ಕೊಟ್ಟು, ನಿಧಾನ ಎರಡು ಸಲ ಕಟ್ಟಿ ತೋರಿಸಿದರು. ಆ ಮಳೆಗಾಲವಿಡೀ ಕೋಣೆ ಸೋರಲಿಲ್ಲ. ನಾನು ಥ್ಯಾಂಕ್ಸ್ ಹೇಳಲು ಹೋದಾಗ, "ಕೆಲ್ಸ ಇಲ್ದೆ ಮನೇಲಿ ಕೂತಿದ್ದೆ ಅಕ್ಕಾ" ಎಂದರು. ಆಮೇಲೆ ಸ್ವಲ್ಪ ತಡೆದು, "ಮೀಟಿಂಗ್ನಲ್ಲಿ ಎಂತ ಮಾತಾಡ್ಬೇಕು ಗೊತ್ತಾಗುದಿಲ್ಲ ನಂಗೆ. ಇದು ಬರ್ತದೆ" ಎಂದರು.

ಸಭೆ ಅಂದರೆ ಮಾತು ಅಂತ ನಾವು ತಿಳಿದುಬಿಟ್ಟಿದ್ದೇವೆ. ನಡಾವಳಿ ಪುಸ್ತಕದಲ್ಲಿ ಮಾತಾಡಿದವರ ಹೆಸರು ಬರುತ್ತದೆ. ಆ ತಾಂಡೇಲರ ಹೆಸರು ಆರು ವರ್ಷದ ನಡಾವಳಿಯಲ್ಲಿ ಹಾಜರಿ ಸಹಿ ಬಿಟ್ಟು ಬೇರೆಲ್ಲೂ ಇಲ್ಲ.

ಘಟ್ಟದ ಮೇಲೆ

ಎರಡು ವರ್ಷಕ್ಕೊಮ್ಮೆ ಆಗುವ ಮಾರಿಕಾಂಬಾ ಜಾತ್ರೆಗೆ ಶಿರಸಿಗೆ ಹೋದಾಗ ಗೆಳತಿಯ ಮನೆಯಲ್ಲಿ ಉಳಿದಿದ್ದೆ. ಪೇಟೆಯಿಂದ ಒಳಗೆ, ಅಡಿಕೆ ತೋಟದ ನಡುವಿನ ಊರು. ಅವಳ ಮಾವನಿಗೆ ಎಪ್ಪತ್ತು ದಾಟಿದೆ. ಅಲ್ಲಿಯ ಕಿರಿಯ ಪ್ರಾಥಮಿಕ ಶಾಲೆಯ ಜಾಗ ಅವರ ಅಜ್ಜ ಬಿಟ್ಟುಕೊಟ್ಟದ್ದು. ಈ ಜಿಲ್ಲೆಯಲ್ಲಿ ಎಷ್ಟೋ ಶಾಲೆಗಳು ಹೀಗೆ ಯಾರದೋ ಜಾಗದಲ್ಲಿ, ಊರವರೇ ಕಲ್ಲು ಮರ ಹೊತ್ತು ಎದ್ದ ಕಟ್ಟಡಗಳು. ಕರಾವಳಿಯಲ್ಲಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲು ತೆರೆದಾಗಲೂ ಊರೂರಿನ ಜನ ಜೊತೆಗೆ ನಿಂತಿದ್ದರು. ಆದರೆ ಆ ಕಾಲದಲ್ಲಿ ಕಮಿಟಿ ಅಂದರೆ ಊರ ಹಿರಿಯರು, ಜಮೀನಿದ್ದವರು, ಓದಿದವರು. 2001ರಲ್ಲಿ ರಾಜ್ಯದಲ್ಲಿ ಎಸ್‌ಡಿಎಂಸಿ ಬಂದ ಮೇಲೆ, ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಯಾದ ಮೇಲೆ, ಆ ಕುರ್ಚಿ ಪಾಲಕರದ್ದಾಯಿತು.

ಗೆಳತಿಯ ಮಾವನಿಗೆ ಇದರಲ್ಲಿ ಒಂದು ನೋವಿತ್ತು. ಅವರ ಮೊಮ್ಮಕ್ಕಳು ಬೆಂಗಳೂರಿನಲ್ಲಿ ಓದುತ್ತಾರೆ. ಹಾಗಾಗಿ ಅಜ್ಜ ಕೊಟ್ಟ ಜಾಗದ ಶಾಲೆಯಲ್ಲಿ ಅವರು ಪಾಲಕರಲ್ಲ. ಶಾಲೆಯಲ್ಲಿ ಆಗ ಇದ್ದದ್ದು ಎಂಟು ಮಕ್ಕಳು. ಅದರಲ್ಲಿ ಆರು, ಹಾವೇರಿ ಕಡೆಯಿಂದ ತೋಟದ ಕೆಲಸಕ್ಕೆ ಬಂದು ಬಿಡಾರ ಮಾಡಿಕೊಂಡವರ ಮಕ್ಕಳು. ಅಧ್ಯಕ್ಷೆ ಅವರಲ್ಲಿ ಒಬ್ಬಳು, ಮೂವತ್ತು ದಾಟದ ಹುಡುಗಿ. ಶಾಲೆಯ ಬ್ಯಾಂಕ್ ಖಾತೆ ಅಧ್ಯಕ್ಷರ ಮತ್ತು ಮುಖ್ಯ ಶಿಕ್ಷಕರ ಹೆಸರಿನಲ್ಲಿ ಜಂಟಿಯಾಗಿ ಇರುತ್ತದೆ. ಬ್ಯಾಂಕಿಗೆ ಹೋದ ದಿನ ಅವಳ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಶಕ್ತಿ ಯೋಜನೆ ಬಂದು ಬಸ್ ಚಾರ್ಜು ಉಳಿಯಿತು, ಕೂಲಿ ಉಳಿಯಲಿಲ್ಲ. ಇದು ಗೊತ್ತಾದ ಮೇಲೆ ಮಾವ ತಾವೇ ನಾಲ್ಕು ಮನೆಗೆ ಹೋಗಿ, ಶಾಲೆ ಕೆಲಸಕ್ಕೆ ಅಂತ ಅವಳು ಹೋದ ದಿನ ಕೂಲಿ ಕಡಿಯಬೇಡಿ ಅಂತ ಹೇಳಿ ಬಂದಿದ್ದಾರೆ. ತಮ್ಮ ತೋಟದಲ್ಲೂ ಕಡಿಯುವುದಿಲ್ಲ.

"ನಿಮಗೆ ಬೇಜಾರಾಗೋದಿಲ್ವಾ?" ಅಂತ ನಾನು ಕೇಳಿಯೇ ಬಿಟ್ಟೆ.

ಅವರು ಎಲೆಯಡಿಕೆ ಕವಳದ ತಟ್ಟೆ ಹತ್ತಿರ ಎಳೆದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೊದ್ಲು ಆಗ್ತಿತ್ತು ತಂಗಿ. ಈಗ ಬೆಳಿಗ್ಗೆ ಹತ್ತು ಗಂಟೆಗೆ ಪ್ರಾರ್ಥನೆ ಕೇಳ್ತದಲ್ಲ, ಅದು ಆ ಹುಡುಗೀರ ಮಕ್ಕಳದ್ದು. ಅವರು ಹೋದ್ರೆ ಊರಲ್ಲಿ ಮಕ್ಕಳ ಸದ್ದೇ ಇಲ್ಲ" ಎಂದರು.

ಆ ಅಧ್ಯಕ್ಷೆಯನ್ನೂ ಅವತ್ತೇ ಸಂಜೆ ನೋಡಿದೆ. ಶಾಲೆಯ ಬೀಗದ ಕೈ ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ನಾಳೆ ನಳಕ್ಕೆ ಕೆಲಸದವರು ಬರುತ್ತಾರೆ, ಟೀಚರ್ ಬರುವ ಮೊದಲು ತಾನೇ ಗೇಟು ತೆಗೆಯಬೇಕು ಅಂತ ಹೇಳಿದಳು. ನೀವು ಯಾಕೆ ಒಪ್ಪಿಕೊಂಡಿರಿ ಅಂತ ಕೇಳಿದೆ. ಅವಳಿಗೆ ಆ ಪ್ರಶ್ನೆಯೇ ವಿಚಿತ್ರ ಅನಿಸಿತು. "ಬ್ಯಾರೆ ಯಾರದಾರ‍್ರೀ ಇಲ್ಲೆ?" ಎಂದಳು.

ಬರದೇ ಇರುವವರು

ಈಗ ಬೇಸರದ ಮಾತು. ಮುಖ್ಯ ಮಾಸ್ತರು ಹೇಳಿದ್ದರಲ್ಲೂ ಸತ್ಯ ಇದೆ. ಎಷ್ಟೋ ಕಡೆ ಹೆಂಗಸರ ಹೆಸರು ಪಟ್ಟಿಯಲ್ಲಿ ಇರುತ್ತದೆ, ಸಭೆಗೆ ಗಂಡ ಬರುತ್ತಾನೆ. ನಡಾವಳಿ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಅಂಥ ಪುಟಗಳ ಝೆರಾಕ್ಸ್ ನನ್ನ ಅಂಗಡಿಯಲ್ಲೇ ಆಗುತ್ತದೆ. ಎಲ್ಲ ಸಹಿ ಒಂದೇ ಪೆನ್ನಿನದು, ಹೆಬ್ಬೆಟ್ಟು ಒಂದರ ಮೇಲೆ ಒಂದು. ಪಂಚಾಯ್ತಿಗೆ ಮೆಟ್ಟಿಲು ಅಂತ ಬಂದವರು, ಕಾಂಪೌಂಡಿನ ಕೆಲಸ ತಮ್ಮವರಿಗೆ ಸಿಗಲಿ ಅಂತ ಬಂದವರು, ಅವರನ್ನೂ ನೋಡಿದ್ದೇನೆ.

ಆದರೆ ಅವರೆಲ್ಲರನ್ನೂ ಒಂದೇ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ನಮ್ಮ ಮೊದಲ ಸಮಿತಿಯಲ್ಲಿ ಕೈ ಎತ್ತಿದ್ದ ಆ ಪಂಚಾಯ್ತಿ ಕನಸಿನವರು ಚುನಾವಣೆಗೆ ನಿಂತು ಸೋತರು. ಸೋತ ಮೇಲೂ ಸಭೆಗೆ ಬರುತ್ತಿದ್ದರು. ಅತಿಥಿ ಶಿಕ್ಷಕರು ಸಿಗದೆ ಗಣಿತ ಪಾಠ ನಿಂತಾಗ ಅವರೇ ಎರಡು ಊರು ತಿರುಗಿ ಬಿಎಡ್ ಮಾಡಿದ ಹುಡುಗಿಯನ್ನು ಹುಡುಕಿ ತಂದರು. ಶಿಕ್ಷಕರ ಮೇಲಿನ ಸಿಟ್ಟಿಗೆ ಬಂದಿದ್ದವರು ಮಾತ್ರ ಎರಡನೇ ಸಭೆಗೆ ಬರಲಿಲ್ಲ. ಅವರ ಸಿಟ್ಟು ಸರಿಯಾದದ್ದೇ ಇರಬಹುದು, ನಾವು ಕೂತು ಕೇಳಲಿಲ್ಲ. ಈಗ ಅದು ನನಗೆ ತಪ್ಪು ಅನಿಸುತ್ತದೆ.

ಬಂದವರ ಕಾರಣ ಶುದ್ಧವಾ ಅಂತ ನೋಡುವುದನ್ನು ನಾನು ಬಿಟ್ಟಿದ್ದೇನೆ. ನನ್ನದೇ ಶುದ್ಧ ಇರಲಿಲ್ಲ. ನೆಂಟರಿಗೆ ಉತ್ತರ ಕೊಡಲು ಹೋದವಳು ನಾನು. ಎರಡನೇ ವರ್ಷಕ್ಕೇ ಆ ನೆಂಟರು ಮರೆತುಹೋದರು. ರಾತ್ರಿ ಮಲಗಿದಾಗ ತಲೆಯಲ್ಲಿ ಬರುತ್ತಿದ್ದದ್ದು ಆರನೇ ಕ್ಲಾಸಿನ ಪಕಾಸು, ಆಚೆ ದಡದ ಹುಡುಗಿಯರು. ಮಗಳು ಹೈಸ್ಕೂಲಿಗೆ ಹೋದಳು, ಅವಳ ಜೊತೆ ನನ್ನ ಸದಸ್ಯತ್ವವೂ ಮುಗಿಯಿತು. ಕಾನೂನು ಸರಿಯಾಗಿಯೇ ಇದೆ, ಜಾಗ ಈಗಿನ ಪಾಲಕರದ್ದು. ಆದರೂ ಆ ಗೇಟಿನ ಮುಂದೆ ಹೋಗುವಾಗ ಕಾಲು ಒಂದು ಕ್ಷಣ ನಿಲ್ಲುತ್ತದೆ.

ನೋಟಿಸು

ಅವತ್ತು ಸಂಜೆ ಅಂಗಡಿಯಲ್ಲಿ ಜನ ಕಡಿಮೆಯಾದ ಮೇಲೆ ನೋಟಿಸು ಟೈಪು ಮಾಡಲು ಕೂತೆ. ಮಾಸ್ತರು ಚೆಂದದ ಅಕ್ಷರದಲ್ಲಿ ಬರೆದಿದ್ದರು. ಸಭೆಯ ತಾರೀಕು, ಬೆಳಿಗ್ಗೆ 10 ಗಂಟೆ, ಎಲ್ಲ ಪಾಲಕರೂ ತಪ್ಪದೇ ಹಾಜರಿರಬೇಕು. ಟೈಪು ಮುಗಿಸಿ ಪ್ರಿಂಟ್ ಕೊಟ್ಟೆ. ಒಂದು ಪ್ರತಿ ಹೊರಗೆ ಬಂತು. ಅದನ್ನು ಕೈಯಲ್ಲಿ ಹಿಡಿದು ತಪ್ಪು ನೋಡುವಾಗ ಕಣ್ಣು ತಾರೀಕಿನ ಮೇಲೆ ನಿಂತಿತು. ಎದುರಿನ ಗೋಡೆಯ ಕ್ಯಾಲೆಂಡರ್ ನೋಡಿದೆ. ಹುಣ್ಣಿಮೆ ಕಳೆದ ಎರಡನೇ ದಿನ.

ಪ್ರಿಂಟರ್ ನಿಲ್ಲಿಸಿ ಮಾಸ್ತರಿಗೆ ಫೋನು ಮಾಡಿದೆ. "ಅವತ್ತು ಬೆಳಿಗ್ಗೆ ಆಚೆ ದಡದವರು ಒಬ್ಬರೂ ಬರೋದಿಲ್ಲ ಮಾಸ್ತರ್ರೇ. ನೀರಿಳಿತ" ಎಂದೆ. ಅವರು ಈ ಊರಿಗೆ ಬಂದು ವರ್ಷ ಆಗಿಲ್ಲ. ಮೊದಲು ತಿಳಿಯಲಿಲ್ಲ. ನಾನು ಹಾಜರಿ ಪುಸ್ತಕದ ಕಥೆ ಪೂರ್ತಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಹಾಗಾದ್ರೆ ಯಾವತ್ತು ಇಡೋಣ ಹೇಳಿ" ಎಂದರು.

ಅಷ್ಟಮಿ ದಾಟಿದ ಮರುದಿನ, ಮಧ್ಯಾಹ್ನ 3 ಗಂಟೆ ಅಂತ ತಿದ್ದಿದೆ. ಎಪ್ಪತ್ತು ಪ್ರತಿ ತೆಗೆದು, ರಬ್ಬರ್ ಬ್ಯಾಂಡ್ ಹಾಕಿ, ಕೌಂಟರಿನ ಮೇಲೆ ಇಟ್ಟು ಅಂಗಡಿ ಮುಚ್ಚಿದೆ.